ಮನೆಯಂಗಳದ ಹಕ್ಕಿಗಳು: ನೋಡುವ ಬಗೆ, ನೀರು-ಕಾಳು ಇಡುವ ಕ್ರಮ



ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ ವೈದ್ಯರು ಹೇಳುವ ಮಾತುಗಳಲ್ಲಿ ‘ಕೆಲವು ದಿನ ವಿಶ್ರಾಂತಿ ತೆಗೆದುಕೊಳ್ಳಿ’ ಎಂಬುದೂ ಒಂದು. ಕೇಳುವುದಕ್ಕೆ ಇದು ಸುಲಭ, ಪಾಲಿಸುವುದು ಕಷ್ಟ. ಹೊಲ, ಅಂಗಡಿ, ಅಡುಗೆಮನೆ ಎಂದು ದಿನವಿಡೀ ಓಡಾಡಿದ ಜೀವಕ್ಕೆ ಮಂಚದ ಮೇಲೆ ಸುಮ್ಮನೆ ಕುಳಿತಿರುವುದೇ ದೊಡ್ಡ ಶಿಕ್ಷೆ. ಹೊತ್ತು ಹೋಗುವುದಿಲ್ಲ, ಮನಸ್ಸು ಬೇಡದ ಚಿಂತೆಗಳ ಹಿಂದೆ ಓಡುತ್ತದೆ. ರೋಗಿಯ ಪಕ್ಕದಲ್ಲಿ ಕುಳಿತವರ ಪಾಡೂ ಹೆಚ್ಚುಕಡಿಮೆ ಇದೇ.

ಇಂಥ ಹೊತ್ತಿಗೆ ಖರ್ಚಿಲ್ಲದ, ಆಯಾಸವಿಲ್ಲದ ಒಂದು ಹವ್ಯಾಸವಿದೆ. ಅದು ಮನೆಯ ಸುತ್ತ ಬರುವ ಹಕ್ಕಿಗಳನ್ನು ನೋಡುವುದು. ಕಿಟಕಿ, ಜಗುಲಿ ಅಥವಾ ತಾರಸಿಯ ಒಂದು ಮೂಲೆ ಇದ್ದರೆ ಸಾಕು. ಆದರೆ ಹಕ್ಕಿಗಳ ಮೇಲಿನ ಪ್ರೀತಿಯಿಂದ ನಾವು ಮಾಡುವ ಕೆಲವು ಕೆಲಸಗಳು ನಮ್ಮ ಆರೋಗ್ಯಕ್ಕೂ ಹಕ್ಕಿಯ ಆರೋಗ್ಯಕ್ಕೂ ಕೇಡು ತರುತ್ತವೆ. ಆದ್ದರಿಂದ ಈ ಪಾಠದ ಸಾರವನ್ನು ಮೊದಲೇ ಹೇಳಿಬಿಡುತ್ತೇವೆ: ಹಕ್ಕಿಗಳನ್ನು ಮನದಣಿಯೆ ನೋಡಿ, ನೀರನ್ನು ದಿನವೂ ಇಡಿ, ಕಾಳನ್ನು ಕಡಿಮೆ ಹಾಕಿ, ಹಿಕ್ಕೆಯಿಂದ ದೂರವಿರಿ.

ನೋಡುವುದರಿಂದ ಲಾಭವೇನು?

ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ದಾಖಲೆಗಳನ್ನು ರೋಜರ್ ಉಲ್ರಿಚ್ ಎಂಬ ಸಂಶೋಧಕರು ಪರಿಶೀಲಿಸಿದರು. ಕೆಲವರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಇನ್ನು ಕೆಲವರ ಕಿಟಕಿಯಿಂದ ಇಟ್ಟಿಗೆಯ ಗೋಡೆ ಕಾಣುತ್ತಿತ್ತು. ವಯಸ್ಸು ಮುಂತಾದವುಗಳಲ್ಲಿ ಹೊಂದಿಕೆಯಾಗುವ 23 ಜೋಡಿ ರೋಗಿಗಳನ್ನು ಹೋಲಿಸಿ ನೋಡಿದಾಗ, ಮರ ಕಾಣುವ ಕೋಣೆಯಲ್ಲಿದ್ದವರು ಸರಾಸರಿ ಸ್ವಲ್ಪ ಬೇಗ ಮನೆಗೆ ಹೋಗಿದ್ದರು. ಅವರಿಗೆ ತೀಕ್ಷ್ಣವಾದ ನೋವಿನ ಔಷಧಿಯೂ ಕಡಿಮೆ ಬೇಕಾಗಿತ್ತು. ಈ ಅಧ್ಯಯನ 1984ರಲ್ಲಿ ಪ್ರಕಟವಾಯಿತು.

2022ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 1,292 ಜನರಿಂದ ಮೊಬೈಲ್ ಫೋನಿನ ಮೂಲಕ ಸಂಗ್ರಹಿಸಿದ ಮಾಹಿತಿಯನ್ನು ಪ್ರಕಟಿಸಿದರು. ಹಕ್ಕಿಯನ್ನು ಕಂಡ ಅಥವಾ ಅದರ ದನಿ ಕೇಳಿದ ಹೊತ್ತಿನಲ್ಲಿ ಜನರ ಮನಸ್ಸು ಹೆಚ್ಚು ಹಗುರವಾಗಿತ್ತು. ಆ ನೆಮ್ಮದಿ ಕೆಲವು ಗಂಟೆಗಳ ಕಾಲ ಉಳಿದಿತ್ತು. ಖಿನ್ನತೆ ಇದ್ದವರಲ್ಲೂ ಇದೇ ಬಗೆಯ ಬದಲಾವಣೆ ಕಂಡುಬಂದಿತು.

ಹಾಗೆಂದು ಹಕ್ಕಿ ನೋಡುವುದು ಔಷಧಿಗೆ ಬದಲಿ ಎಂದು ಯಾರೂ ತಿಳಿಯಬಾರದು. ಮಾತ್ರೆಯನ್ನು ಹೇಳಿದ ಹೊತ್ತಿಗೆ ತೆಗೆದುಕೊಳ್ಳಲೇಬೇಕು. ಚೇತರಿಸಿಕೊಳ್ಳುವ ದಿನಗಳನ್ನು ಸಹನೀಯವಾಗಿಸಲು ಇದೊಂದು ಒಳ್ಳೆಯ ಜೊತೆ, ಅಷ್ಟೇ.

ಹಕ್ಕಿಯನ್ನು ಗುರುತಿಸುವುದು ಹೇಗೆ?

ಹೊಸ ಹಕ್ಕಿ ಕಂಡಾಗ ಗಾಬರಿಯಿಂದ ಹೆಸರು ಹುಡುಕಬೇಡಿ. ಮೊದಲು ಈ ಐದು ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ಗಾತ್ರ ಎಷ್ಟು? ಗುಬ್ಬಿ, ಮೈನಾ, ಕಾಗೆ ಈ ಮೂರೂ ನಿಮಗೆ ಗೊತ್ತು. ಇವೇ ನಿಮ್ಮ ಅಳತೆಗೋಲು. ‘ಗುಬ್ಬಿಗಿಂತ ದೊಡ್ಡದು, ಮೈನಾಗಿಂತ ಚಿಕ್ಕದು’ ಎಂದರೆ ಅರ್ಧ ಕೆಲಸ ಮುಗಿಯಿತು.
2. ಬಣ್ಣ ಎಲ್ಲೆಲ್ಲಿ ಹೇಗಿದೆ? ತಲೆ, ಎದೆ, ಬಾಲದ ಬುಡ ಇವನ್ನು ಬೇರೆ ಬೇರೆಯಾಗಿ ಗಮನಿಸಿ.
3. ಕೊಕ್ಕು ಹೇಗಿದೆ? ದಪ್ಪ ಗಿಡ್ಡ ಕೊಕ್ಕು ಕಾಳು ಒಡೆಯಲು, ಉದ್ದ ಬಾಗಿದ ತೆಳು ಕೊಕ್ಕು ಹೂವಿನ ಮಕರಂದ ಹೀರಲು, ಕೊಕ್ಕೆಯಂತೆ ಬಾಗಿದ ಗಟ್ಟಿ ಕೊಕ್ಕು ಮಾಂಸ ಹರಿಯಲು.
4. ಏನು ಮಾಡುತ್ತಿದೆ? ನೆಲದ ಮೇಲೆ ನಡೆಯುತ್ತಿದೆಯೇ, ಕುಪ್ಪಳಿಸುತ್ತಿದೆಯೇ, ಬಾಲ ಎತ್ತಿ ಇಳಿಸುತ್ತಿದೆಯೇ, ಒಂಟಿಯೇ, ಗುಂಪೇ?
5. ದನಿ ಹೇಗಿದೆ?

ನಮ್ಮ ಕಡೆ ಮನೆಗಳ ಸುತ್ತ ಸಾಮಾನ್ಯವಾಗಿ ಕಾಣುವ ಕೆಲವು ಹಕ್ಕಿಗಳ ಗುರುತು ಇಲ್ಲಿದೆ.

ಗುಬ್ಬಚ್ಚಿ: ಗಂಡಿನ ಗಂಟಲಲ್ಲಿ ಕಪ್ಪು ಪಟ್ಟೆ, ನೆತ್ತಿ ಬೂದು ಬಣ್ಣ. ಹೆಣ್ಣು ಮಾಸಲು ಕಂದು. ದೊಡ್ಡ ಗುಬ್ಬಿ ಕಾಳು ತಿಂದರೂ ಮರಿಗಳಿಗೆ ಹುಳುಹುಪ್ಪಟೆಯೇ ಮುಖ್ಯ ಆಹಾರ.

ಪಿಕಳಾರ: ತಲೆಯ ಮೇಲೆ ಜುಟ್ಟು, ಬಾಲದ ಬುಡದಲ್ಲಿ ಕೆಂಪು. ಬುಲ್‌ಬುಲ್ ಎಂದೂ ಕರೆಯುತ್ತಾರೆ. ಹಣ್ಣು, ಹುಳು ಎರಡೂ ಪ್ರಿಯ.

ಮಡಿವಾಳ ಹಕ್ಕಿ: ಕಪ್ಪು-ಬಿಳುಪು ಮೈ, ಎತ್ತಿದ ಬಾಲ. ಬೇಸಿಗೆಯ ಮುಂಜಾವಿನಲ್ಲಿ ಎತ್ತರದ ಕೊಂಬೆಯಲ್ಲಿ ಕುಳಿತು ಇಂಪಾಗಿ ಹಾಡುತ್ತದೆ.

ಸೂರಕ್ಕಿ: ಗುಬ್ಬಿಗಿಂತಲೂ ಚಿಕ್ಕದು. ದಾಸವಾಳದ ಗಿಡದ ಬಳಿ ಬಾಗಿದ ಕೊಕ್ಕಿನಿಂದ ಮಕರಂದ ಹೀರುವುದನ್ನು ಕಾಣಬಹುದು.

ದರ್ಜಿ ಹಕ್ಕಿ: ಎಲೆಗಳ ಅಂಚನ್ನು ನಾರಿನಿಂದ ಹೊಲಿದು ಅದರೊಳಗೆ ಗೂಡು ಕಟ್ಟುವ ಪುಟ್ಟ ಹಕ್ಕಿ. ಮೈ ಚಿಕ್ಕದಾದರೂ ಗಂಟಲು ದೊಡ್ಡದು.

ಹರಟೆಮಲ್ಲ: ಮಣ್ಣಿನ ಬಣ್ಣದ ಹಕ್ಕಿಗಳು. ಆರೇಳರ ಗುಂಪಾಗಿ ಬಂದು, ಒಣಗಿದ ಎಲೆಗಳನ್ನು ಕೆದಕುತ್ತಾ ಒಂದೇ ಸಮನೆ ಗದ್ದಲ ಮಾಡುತ್ತವೆ. ಹೆಸರೇ ಎಲ್ಲ ಹೇಳುತ್ತದೆ.

ಎದ್ದು ಓಡಾಡಲಾಗದವರು, ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ಕಿವಿಯಿಂದಲೇ ಹಕ್ಕಿಗಳನ್ನು ಕಲಿಯಬಹುದು. ಬೇಸಿಗೆಯಲ್ಲಿ ‘ಕುಹೂ ಕುಹೂ’ ಎಂದು ಸ್ವರ ಏರಿಸುವುದು ಗಂಡು ಕೋಗಿಲೆ. ಹೆಣ್ಣಿನ ಮೈ ಕಂದು, ತುಂಬ ಚುಕ್ಕೆ. ಅದರ ಕೂಗು ‘ಕಿಕ್ ಕಿಕ್ ಕಿಕ್’ ಎಂದಷ್ಟೇ. ಕೋಗಿಲೆ ತನ್ನ ಮೊಟ್ಟೆಯನ್ನು ಕಾಗೆಯ ಗೂಡಿನಲ್ಲಿಡುತ್ತದೆ, ಮರಿಯನ್ನು ಸಾಕುವುದು ಕಾಗೆ. ಬಿಸಿಲೇರಿದ ಹೊತ್ತಿನಲ್ಲಿ ದೂರದಲ್ಲಿ ಯಾರೋ ತಾಮ್ರದ ಪಾತ್ರೆ ಬಡಿಯುತ್ತಿರುವಂತೆ ‘ಟುಕ್… ಟುಕ್… ಟುಕ್’ ಎಂದು ಬಿಡದೆ ಕೇಳಿಸಿದರೆ ಅದು ಕಂಚುಗಾರ ಹಕ್ಕಿ. ಆಲ, ಅರಳಿ, ಅತ್ತಿಯ ಹಣ್ಣುಗಳೆಂದರೆ ಇದಕ್ಕೆ ಬಲು ಇಷ್ಟ.

ದಿನಕ್ಕೆ 15 ನಿಮಿಷದ ಪಾಠ

ಬೆಳಿಗ್ಗೆ ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ ಹಾಗೂ ಸಂಜೆಯ ಹೊತ್ತು ಹಕ್ಕಿಗಳು ಹೆಚ್ಚು ಚುರುಕಾಗಿರುತ್ತವೆ. ಬೆನ್ನಿಗೆ ಆಧಾರವಿರುವ ಕುರ್ಚಿಯಲ್ಲಿ 15 ನಿಮಿಷ ಕುಳಿತುಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಕಂಡ ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು ಎಂಬುದನ್ನು ಬರೆಯಿರಿ. ಬರೆಯಲಾಗದ ಹಿರಿಯರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಹೀಗೆ ಒಂದು ತಿಂಗಳು ಬರೆದರೆ ಯಾವ ಹಕ್ಕಿ ಯಾವ ಹೊತ್ತಿಗೆ ಬರುತ್ತದೆ, ಯಾವುದು ಗೂಡು ಕಟ್ಟಲು ನಾರು ಒಯ್ಯುತ್ತಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಈ ಬರವಣಿಗೆಗೆ ಬೆಲೆಯೂ ಇದೆ. ಪ್ರತಿವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಮನೆಯಂಗಳದ ಹಕ್ಕಿಗಳ ಎಣಿಕೆ ನಡೆಯುತ್ತದೆ. ಕನಿಷ್ಠ 15 ನಿಮಿಷ ನೋಡಿ ಬರೆದುಕೊಂಡ ಯಾರು ಬೇಕಾದರೂ ಇದರಲ್ಲಿ ಪಾಲ್ಗೊಳ್ಳಬಹುದು. ಭಾರತೀಯರು 2013ರಿಂದ ಇದರಲ್ಲಿ ಭಾಗವಹಿಸುತ್ತಿದ್ದಾರೆ. ಸಾಮಾನ್ಯ ಜನರು ಹೀಗೆ ಬರೆದುಕೊಟ್ಟ ಪಟ್ಟಿಗಳನ್ನು ಆಧರಿಸಿಯೇ 2020ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಹೊರಬಂತು. ಗುಬ್ಬಚ್ಚಿಗಳು ಬೆಂಗಳೂರಿನಂಥ ಮಹಾನಗರಗಳಲ್ಲಿ ಕಡಿಮೆಯಾಗಿದ್ದರೂ ದೇಶದ ಒಟ್ಟು ಲೆಕ್ಕದಲ್ಲಿ ಅವುಗಳ ಸಂಖ್ಯೆ ಸುಮಾರಾಗಿ ಸ್ಥಿರವಾಗಿದೆ ಎಂಬ ಸಮಾಧಾನದ ಸಂಗತಿ ತಿಳಿದದ್ದು ಆ ವರದಿಯಿಂದ. ಹೆಚ್ಚು ಓದಬೇಕೆನ್ನುವವರು ಡಾ. ಸಲೀಂ ಅಲಿ ಅವರು 1941ರಲ್ಲಿ ಹೊರತಂದ ಭಾರತೀಯ ಹಕ್ಕಿಗಳ ಪುಸ್ತಕವನ್ನೂ, ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿ ಅವರ ಹಕ್ಕಿಗಳ ಪುಸ್ತಕಗಳನ್ನೂ ನೋಡಬಹುದು.

ಮೊದಲು ನೀರು

ಹಕ್ಕಿಗಳಿಗೆ ನಮ್ಮಂತೆ ಬೆವರುವ ಶಕ್ತಿಯಿಲ್ಲ. ಬಿಸಿಲಿನಲ್ಲಿ ಕಾಗೆ ಕೊಕ್ಕು ತೆರೆದು ಏದುಸಿರು ಬಿಡುವುದನ್ನು ನೀವು ನೋಡಿರಬಹುದು. ಮೈಯ ಶಾಖ ಹೊರಹಾಕಲು ಅದಕ್ಕಿರುವ ದಾರಿ ಅದು, ಆಗ ದೇಹದ ನೀರು ಖರ್ಚಾಗುತ್ತದೆ. ಆದ್ದರಿಂದ ಫೆಬ್ರವರಿಯಿಂದ ಮೇ ತಿಂಗಳವರೆಗೆ ಹಕ್ಕಿಗೆ ಕಾಳಿಗಿಂತ ಮುಖ್ಯವಾಗಿ ಬೇಕಾದದ್ದು ನೀರು.

• ಅಗಲ ಬಾಯಿಯ, ಆಳವಿಲ್ಲದ ಮಣ್ಣಿನ ತಟ್ಟೆ ಒಳ್ಳೆಯದು. ನೀರು ಒಂದೆರಡು ಅಂಗುಲ ಸಾಕು.
• ನಡುವೆ ಒಂದು ಒರಟು ಕಲ್ಲು ಇಡಿ. ಚಿಕ್ಕ ಹಕ್ಕಿ ಅದರ ಮೇಲೆ ನಿಂತು ಕುಡಿಯುತ್ತದೆ. ಆಳವಾದ ಬಕೆಟ್, ನುಣುಪಾದ ಡಬ್ಬ ಬೇಡ. ಬಿದ್ದ ಹಕ್ಕಿ ಮೇಲೆ ಬರಲಾರದು.
• ನೆರಳಿರಲಿ. ಬೆಕ್ಕು ಅವಿತು ಕುಳಿತುಕೊಳ್ಳುವ ಪೊದೆಯ ಪಕ್ಕ ಇಡಬೇಡಿ.
• ನೀರನ್ನು ದಿನವೂ ಚೆಲ್ಲಿ, ತಟ್ಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು ಹೊಸ ನೀರು ತುಂಬಿ.

ಕೊನೆಯ ಮಾತನ್ನು ಮರೆಯಬೇಡಿ. ಡೆಂಗಿ ಹರಡುವ ಸೊಳ್ಳೆ ಇಂಥ ನಿಂತ ಸ್ವಚ್ಛ ನೀರಿನಲ್ಲೇ, ಪಾತ್ರೆಯ ಒಳಮೈಗೆ ಅಂಟಿದಂತೆ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ದಿನವೂ ಉಜ್ಜಿ ತೊಳೆದರೆ ಆ ಭಯವಿಲ್ಲ. ಬರೀ ನೀರು ತುಂಬಿಸುತ್ತಾ ಹೋದರೆ ಹಕ್ಕಿಯ ಹೆಸರಿನಲ್ಲಿ ಸೊಳ್ಳೆ ಸಾಕಿದಂತಾಗುತ್ತದೆ. ಊರಿಗೆ ಹೋಗುವುದಿದ್ದರೆ ತಟ್ಟೆಯನ್ನು ಬೋರಲು ಹಾಕಿ ಹೋಗಿ.

ಕಾಳು ಎಷ್ಟು, ಯಾವುದು?

ಹಾಕಬಹುದಾದದ್ದು: ಸಜ್ಜೆ, ನವಣೆ, ಜೋಳ ಅಥವಾ ಅಕ್ಕಿಯ ನುಚ್ಚು. ಹಣ್ಣು ತಿನ್ನುವ ಹಕ್ಕಿಗಳಿಗೆ ಬಾಳೆ, ಪಪ್ಪಾಯಿ, ಸೀಬೆಹಣ್ಣಿನ ತುಂಡು.

ಹಾಕಬಾರದ್ದು: ಉಪ್ಪು, ಖಾರ, ಎಣ್ಣೆ ಇರುವ ಯಾವುದೇ ತಿಂಡಿ. ಮಿಕ್ಚರ್, ಚಿಪ್ಸ್, ಬಿಸ್ಕತ್ತು, ಉಳಿದ ಸಾರನ್ನ ಬೇಡ. ಹಾಲು ಬೇಡ, ಹಕ್ಕಿಗಳಿಗೆ ಅದು ಜೀರ್ಣವಾಗುವುದಿಲ್ಲ. ಬ್ರೆಡ್ ಹೊಟ್ಟೆ ತುಂಬಿಸುತ್ತದೆ, ಪೋಷಣೆ ಕೊಡುವುದಿಲ್ಲ. ಬೂಷ್ಟು ಹಿಡಿದ ಶೇಂಗಾ, ಜೋಳವನ್ನು ‘ನಮಗಂತೂ ಆಗದು, ಹಕ್ಕಿಗಾದರೂ ಆಗಲಿ’ ಎಂದು ಹಾಕಬೇಡಿ. ಆ ಬೂಷ್ಟಿನಲ್ಲಿರುವ ವಿಷ ಹಕ್ಕಿಯ ಯಕೃತ್ತನ್ನೂ ಕೆಡಿಸುತ್ತದೆ.

ಪ್ರಮಾಣ: ಒಂದು ಗಂಟೆಯೊಳಗೆ ಖಾಲಿಯಾಗುವಷ್ಟು, ಅಂದರೆ ಒಂದು ಸಣ್ಣ ಹಿಡಿ. ಉಳಿದದ್ದನ್ನು ಸಂಜೆಯೊಳಗೆ ತೆಗೆದುಬಿಡಿ. ರಾತ್ರಿ ಉಳಿದ ಕಾಳಿಗೆ ಇಲಿ ಬರುತ್ತದೆ, ಇಲಿಯ ಮೂತ್ರದಿಂದ ಇಲಿಜ್ವರ ಬರಬಹುದು. ಒಂದೇ ಕಡೆ ರಾಶಿ ಹಾಕಿದರೆ ಹಕ್ಕಿಗಳು ಕಿಕ್ಕಿರಿದು ಸೇರುತ್ತವೆ, ಒಂದರ ರೋಗ ಇನ್ನೊಂದಕ್ಕೆ ತಗಲುತ್ತದೆ.

ಸುತ್ತ ಗಿಡಮರಗಳಿದ್ದರೆ ಕಾಳು ಹಾಕದಿದ್ದರೂ ಹಕ್ಕಿಗಳಿಗೆ ತೊಂದರೆಯಿಲ್ಲ. ಒಂದು ದಾಸವಾಳ, ಒಂದು ಸೀಬೆ, ಒಂದು ನೇರಳೆ ಗಿಡ ಬೆಳೆಸಿದರೆ ಅದು ವರ್ಷಗಳವರೆಗೆ ನಡೆಯುವ ಊಟದ ಮನೆ. ಗಿಡಕ್ಕೆ ಕೀಟನಾಶಕ ಸಿಂಪಡಿಸದಿದ್ದರೆ ಹುಳುಗಳೂ ಸಿಗುತ್ತವೆ, ಗುಬ್ಬಿಮರಿಗಳು ಬದುಕುತ್ತವೆ.

ಪಾರಿವಾಳ ಮತ್ತು ಶ್ವಾಸಕೋಶ

ಈ ಭಾಗವನ್ನು ದಯವಿಟ್ಟು ಎರಡು ಬಾರಿ ಓದಿ. ಓದಲು ಬಾರದವರಿಗೆ ಓದಿ ಹೇಳಿ.

ಬಹುಮಹಡಿ ಮನೆಗಳಲ್ಲಿ, ಪೇಟೆಯ ಬೀದಿಗಳಲ್ಲಿ ಹೆಚ್ಚು ಕಾಳು ಹಾಕಿದಾಗ ಮೊದಲು ಬಂದು ನೆಲೆಯೂರುವುದು ಪಾರಿವಾಳ. ಕಟ್ಟಡದ ಸಂದುಗಳಲ್ಲಿ, ಕಿಟಕಿಯ ಸಜ್ಜಾದ ಮೇಲೆ ಗೂಡು ಕಟ್ಟುತ್ತದೆ. ಆಹಾರ ಸಿಗುವವರೆಗೆ ವರ್ಷದ ಬಹುಕಾಲ ಮರಿ ಮಾಡುತ್ತದೆ. ಅದರ ಹಿಕ್ಕೆ ಒಣಗಿ ಪುಡಿಯಾಗಿ, ರೆಕ್ಕೆಯ ಧೂಳಿನೊಂದಿಗೆ ಗಾಳಿಯಲ್ಲಿ ಸೇರುತ್ತದೆ. ಅದನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಸಿರಾಡಿದ ಕೆಲವರಲ್ಲಿ ಶ್ವಾಸಕೋಶವು ಆ ಧೂಳಿನ ವಿರುದ್ಧ ಅತಿಯಾಗಿ ಕೆರಳಿ ಊದಿಕೊಳ್ಳುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ.

ಇದರ ಲಕ್ಷಣಗಳು: ವಾರಗಟ್ಟಲೆ ಬಿಡದ ಒಣಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು, ಸುಸ್ತು, ತೂಕ ಇಳಿಯುವುದು. ಅನೇಕರು ಇದನ್ನು ಅಸ್ತಮಾ ಎಂದೋ ವಯಸ್ಸಾಯಿತೆಂದೋ ತಿಳಿದು ಸುಮ್ಮನಿರುತ್ತಾರೆ. ಮೊದಲ ಹಂತದಲ್ಲೇ ತಿಳಿದು ಧೂಳಿನಿಂದ ದೂರವಾದರೆ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ತಡವಾದರೆ ಶ್ವಾಸಕೋಶದಲ್ಲಿ ಗಾಯದ ಕಲೆಯಂತೆ ಗಟ್ಟಿಯಾದ ನಾರು ಬೆಳೆಯುತ್ತದೆ, ಅದು ಮತ್ತೆ ಮೆದುವಾಗುವುದಿಲ್ಲ. ಆದ್ದರಿಂದ ಬಿಡದ ಕೆಮ್ಮಿಗೆ ವೈದ್ಯರನ್ನು ಕಂಡಾಗ ‘ನಮ್ಮ ಮನೆಯ ಹತ್ತಿರ ಪಾರಿವಾಳಗಳಿವೆ’ ಅಥವಾ ‘ಮನೆಯಲ್ಲಿ ಹಕ್ಕಿ ಸಾಕಿದ್ದೇವೆ’ ಎಂದು ಕೇಳದಿದ್ದರೂ ಹೇಳಿ. ಆ ಒಂದು ಮಾತಿನಿಂದ ರೋಗ ಬೇಗ ಪತ್ತೆಯಾಗಬಹುದು.

ಪಾರಿವಾಳದ ಹಿಕ್ಕೆಯಲ್ಲಿ ಬೆಳೆಯುವ ಒಂದು ಬಗೆಯ ಶಿಲೀಂಧ್ರವು, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಶ್ವಾಸಕೋಶಕ್ಕೂ ಮೆದುಳಿನ ಪೊರೆಗೂ ಸೋಂಕು ತರಬಲ್ಲದು. ಇಂಥ ಕಾರಣಗಳಿಂದಲೇ 2025ರಲ್ಲಿ ಮುಂಬೈನಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಹಳೆಯ ತಾಣಗಳನ್ನು ಮುಚ್ಚಲು ಸರಕಾರ ಮುಂದಾಯಿತು, ವಿಷಯ ಹೈಕೋರ್ಟಿನವರೆಗೂ ಹೋಯಿತು. ಕಾಳು ಹಾಕುವವರ ಮನಸ್ಸು ಒಳ್ಳೆಯದೇ. ಆದರೆ ಒಬ್ಬರ ಪುಣ್ಯದ ಕೆಲಸ ಪಕ್ಕದ ಮನೆಯವರ ಉಸಿರಿಗೆ ಕುತ್ತಾಗಬಾರದು.

ಯಾರು ಹಿಕ್ಕೆಯ ಹತ್ತಿರ ಹೋಗಬಾರದು?

• ಅಸ್ತಮಾ ಅಥವಾ ಬೇರೆ ಶ್ವಾಸಕೋಶದ ತೊಂದರೆ ಇರುವವರು
• ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು
• ಎಚ್.ಐ.ವಿ. ಸೋಂಕಿತರು, ಹೆಚ್ಚು ಕಾಲ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರು
• ಗಾಯ ಮಾಗದವರು, ಹಸುಗೂಸುಗಳು

ಇವರು ದೂರದಿಂದ ಹಕ್ಕಿ ನೋಡುವುದಕ್ಕೆ ಅಡ್ಡಿಯಿಲ್ಲ. ತಟ್ಟೆ ತೊಳೆಯುವ, ಜಾಗ ಗುಡಿಸುವ ಕೆಲಸವನ್ನು ಮನೆಯ ಆರೋಗ್ಯವಂತರು ಮಾಡಲಿ. ಅವರೂ ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬಾರದು. ಮೂಗು-ಬಾಯಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿ, ಮೊದಲು ನೀರು ಚಿಮುಕಿಸಿ ನೆನೆಸಿ, ನಂತರ ಒರೆಸಿ ತೆಗೆಯಬೇಕು. ಆಮೇಲೆ ಸೋಪಿನಿಂದ ಕೈ ತೊಳೆಯಬೇಕು. ಹಕ್ಕಿಯ ತಟ್ಟೆಯನ್ನು ಅಡುಗೆಮನೆಯ ಪಾತ್ರೆಗಳ ಜೊತೆ ತೊಳೆಯಬೇಡಿ.

ಆಸ್ಪತ್ರೆಯಲ್ಲಿರುವಾಗ ವಾರ್ಡಿನ ಕಿಟಕಿ, ವರಾಂಡ, ಮೆಟ್ಟಿಲುಗಳಲ್ಲಿ ಅನ್ನ, ಕಾಳು ಹಾಕಲೇಬೇಡಿ. ಒಳಗೆ ಶಸ್ತ್ರಚಿಕಿತ್ಸೆಯಾದವರು, ಉಸಿರಾಟದ ತೊಂದರೆಯವರು ಮಲಗಿದ್ದಾರೆ. ಇಲ್ಲಿ ಕಿಟಕಿಯಾಚೆಯ ಮರದ ಹಕ್ಕಿಗಳನ್ನು ನೋಡಿ ಸಂತೋಷಪಡಿ.

ಕೇಳಬಹುದಾದ ಕೆಲವು ಪ್ರಶ್ನೆಗಳು

ಮರಿ ಗೂಡಿನಿಂದ ಬಿದ್ದಿದ್ದರೆ ಏನು ಮಾಡಬೇಕು?
ಮೈತುಂಬ ಪುಕ್ಕ ಬಂದ ಮರಿಯಾದರೆ ಅದು ಹಾರಲು ಕಲಿಯುತ್ತಿದೆ ಎಂದರ್ಥ. ತಾಯಿ-ತಂದೆ ಹತ್ತಿರದಲ್ಲೇ ಇರುತ್ತವೆ. ನಾಯಿ, ಬೆಕ್ಕಿಗೆ ಸಿಗದಂತೆ ಪಕ್ಕದ ಗಿಡದ ಕೊಂಬೆಯ ಮೇಲಿಟ್ಟು ದೂರ ಸರಿಯಿರಿ. ಪುಕ್ಕ ಬಾರದ ಮರಿಯಾದರೆ, ಗೂಡು ಕೈಗೆಟುಕುವಂತಿದ್ದರೆ ಮತ್ತೆ ಅದರಲ್ಲೇ ಇಡಿ. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಹೋಗುತ್ತದೆ ಎಂಬುದು ತಪ್ಪು ಕಲ್ಪನೆ. ಬಾಯಿಗೆ ನೀರು ಹನಿಸಬೇಡಿ, ಶ್ವಾಸನಾಳಕ್ಕೆ ಹೋಗಿ ಮರಿ ಸಾಯಬಹುದು.

ಗುಬ್ಬಿಗೆ ಗೂಡಿನ ಪೆಟ್ಟಿಗೆ ಇಡಬಹುದೇ?
ಇಡಬಹುದು. ಮರದ ಅಥವಾ ಗಟ್ಟಿ ರಟ್ಟಿನ ಪೆಟ್ಟಿಗೆಗೆ ಸುಮಾರು ಒಂದೂಕಾಲು ಅಂಗುಲದ ತೂತು ಸಾಕು. ದೊಡ್ಡ ತೂತಾದರೆ ಬೇರೆ ಹಕ್ಕಿಗಳು ನುಗ್ಗುತ್ತವೆ. ಎಂಟು-ಹತ್ತು ಅಡಿ ಎತ್ತರದಲ್ಲಿ, ಮಳೆ ಮತ್ತು ಮಧ್ಯಾಹ್ನದ ಬಿಸಿಲು ಬೀಳದ ಕಡೆ, ಫ್ಯಾನಿನಿಂದ ದೂರ ತೂಗುಹಾಕಿ. ಗೂಡು ಕಟ್ಟಿದ ಮೇಲೆ ಇಣುಕಿ ನೋಡಬೇಡಿ.

ಗಿಳಿಯನ್ನು ಪಂಜರದಲ್ಲಿ ಸಾಕಬಹುದೇ?
ನಮ್ಮ ಕಾಡು-ತೋಟದ ಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ರೋಗಿಯ ಬೇಸರ ಕಳೆಯಲೆಂದು ಪಂಜರದ ಗಿಳಿ ತರಬೇಡಿ.

ಹಕ್ಕಿ ಸತ್ತು ಬಿದ್ದಿದ್ದರೆ?
ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ದೂರವಿಡಿ. ಒಂದೇ ಕಡೆ ಹಲವು ಹಕ್ಕಿಗಳು ಸತ್ತಿದ್ದರೆ ಹತ್ತಿರದ ಪಶುವೈದ್ಯ ಆಸ್ಪತ್ರೆಗೆ ತಿಳಿಸಿ. ಭಾರತದಲ್ಲಿ ಹಕ್ಕಿಜ್ವರ ಮೊದಲು ಪತ್ತೆಯಾದದ್ದು 2006ರಲ್ಲಿ. ಆಮೇಲೆಯೂ ಆಗಾಗ ಕಾಣಿಸಿಕೊಂಡಿದೆ.

ಕೊಕ್ಕರೆ ಬೆಳ್ಳೂರಿನಿಂದ ಕಲಿಯುವುದು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರ ನಡುವಿನ ಮರಗಳಲ್ಲೇ ಪ್ರತಿವರ್ಷ ಗೂಡು ಕಟ್ಟುತ್ತವೆ. ಅಲ್ಲಿನ ಜನರು ಆ ಹಕ್ಕಿಗಳಿಗೆ ಕಾಳು ಹಾಕಿ ಕರೆದದ್ದಲ್ಲ. ಅವು ಕೆರೆ-ಹೊಳೆಗಳಲ್ಲಿ ತಾವೇ ಮೀನು ಹುಡುಕಿ ತಿನ್ನುತ್ತವೆ. ಊರವರು ಮಾಡಿದ್ದು ಹುಣಸೆಯಂಥ ಹಳೆಯ ಮರಗಳನ್ನು ಉಳಿಸಿದ್ದು, ಗೂಡುಗಳಿಗೆ ಕೈ ಹಾಕದೆ ಬಿಟ್ಟದ್ದು. 2007ರಲ್ಲಿ ಸರಕಾರ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಹಕ್ಕಿಗಳಿಗೆ ಜಾಗ ಬಿಟ್ಟುಕೊಟ್ಟು ಅವುಗಳ ಪಾಡಿಗೆ ಇರಲು ಬಿಡುವುದು ಎಷ್ಟು ದೊಡ್ಡ ಉಪಕಾರ ಎಂಬುದಕ್ಕೆ ಈ ಊರೇ ಸಾಕ್ಷಿ.

ನೆನಪಿಡಿ

1. ದಿನಕ್ಕೆ 15 ನಿಮಿಷ ಹಕ್ಕಿ ನೋಡಿ, ಕಂಡದ್ದನ್ನು ಬರೆಯಿರಿ.
2. ಆಳವಿಲ್ಲದ ತಟ್ಟೆಯಲ್ಲಿ ನೀರಿಡಿ, ದಿನವೂ ಉಜ್ಜಿ ತೊಳೆಯಿರಿ.
3. ಕಾಳು ಒಂದು ಸಣ್ಣ ಹಿಡಿ ಮಾತ್ರ. ರಾತ್ರಿಗೆ ಉಳಿಸಬೇಡಿ.
4. ಪಾರಿವಾಳಗಳನ್ನು ಕಾಳು ಹಾಕಿ ಗುಂಪುಗೂಡಿಸಬೇಡಿ.
5. ಹಿಕ್ಕೆಯನ್ನು ನೆನೆಸಿ ತೆಗೆಯಿರಿ, ಕೈ ತೊಳೆಯಿರಿ.
6. ಬಿಡದ ಒಣಕೆಮ್ಮಿದ್ದರೆ ಮನೆಯ ಸುತ್ತಲಿನ ಹಕ್ಕಿಗಳ ವಿಷಯವನ್ನು ವೈದ್ಯರಿಗೆ ಹೇಳಿ.
7. ಸಾಧ್ಯವಾದರೆ ಒಂದು ಗಿಡ ನೆಡಿ.

ಮನೆಗೆ ಹೋದ ಮೇಲೆ ಈ ಕೈಪಿಡಿಯನ್ನು ಎಸೆಯದೆ ನೆರೆಹೊರೆಯವರಿಗೂ ಓದಲು ಕೊಡಿ. ನೀವು ಬೇಗ ಗುಣಮುಖರಾಗಿ, ನಿಮ್ಮ ಅಂಗಳದಲ್ಲಿ ಹಕ್ಕಿಗಳ ದನಿ ಸದಾ ಕೇಳುತ್ತಿರಲಿ ಎಂದು ಹಾರೈಸುತ್ತೇವೆ.